ಮುಗಿಯದ ಹಾಡಿಗೆ ಸತ್ತವರ ಸಹಿ ಹಾಕಬೇಡಿ

ಸಂಗೀತ ಕಂಪನಿಗಳ ಮುಖ್ಯಸ್ಥರಿಗೆ, ಹಾಡಿನ ಆ್ಯಪ್‌ಗಳನ್ನು ನಡೆಸುವವರಿಗೆ, ತೀರಿಕೊಂಡ ಕಲಾವಿದರ ಹಕ್ಕುಗಳನ್ನು ನೋಡಿಕೊಳ್ಳುವವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಬೆಂಗಳೂರಿನಲ್ಲಿ ರ‍್ಯಾಪ್ ಹಾಡುಗಳನ್ನು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವವನು. ದೊಡ್ಡ ಸ್ಟುಡಿಯೋ ಏನಲ್ಲ. ಮನೆಯ ಹಿಂದಿನ ರೂಮಿನ ಗೋಡೆಗೆ ಫೋಮ್ ಹೊಡೆಸಿದ್ದೇನೆ, ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದೇನೆ, ಒಂದು ಒಳ್ಳೆಯ ಮೈಕ್ ಇದೆ. ಬರುವವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗರು. ಕನ್ನಡದಲ್ಲಿ ಬರೆಯುತ್ತಾರೆ, ಅವರವರ ಊರಿನ ಕನ್ನಡದಲ್ಲೇ ಹೇಳುತ್ತಾರೆ. ನನ್ನ ಹಾರ್ಡ್ ಡಿಸ್ಕ್‌ಗಳಲ್ಲಿ ಅವರ ಮುಗಿದ ಹಾಡುಗಳಿಗಿಂತ ಮುಗಿಯದ ಹಾಡುಗಳೇ ಜಾಸ್ತಿ. ಆ ಮುಗಿಯದ ಹಾಡುಗಳ ಬಗ್ಗೆಯೇ ಈ ಪತ್ರ.

ರ‍್ಯಾಪ್ ಹಾಡು ಹುಟ್ಟುವ ಬಗೆ ನಿಮಗೆ ಗೊತ್ತಿದ್ದದ್ದೇ. ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಮೊದಲು ಬೀಟ್, ಅಂದರೆ ಹಾಡಿನ ಹಿಂದೆ ನಡೆಯುವ ತಾಳ ಮತ್ತು ವಾದ್ಯದ ಪಟ್ಟು. ಅದನ್ನು ಹತ್ತಾರು ಸಲ ಹಾಕಿ ಕೇಳುತ್ತಾರೆ. ಆಮೇಲೆ ಮೈಕ್ ಮುಂದೆ ನಿಂತು, ಮಾತಿಲ್ಲದೆ, ಬಾಯಿಗೆ ಬಂದ ಶಬ್ದಗಳನ್ನು ತಾಳಕ್ಕೆ ಕೂರಿಸುತ್ತಾರೆ. ಎಲ್ಲಿ ಉಸಿರು, ಎಲ್ಲಿ ಪ್ರಾಸ, ಎಲ್ಲಿ ನಿಲ್ಲಬೇಕು ಎಂಬುದು ಆ ಗೊಣಗಾಟದಲ್ಲೇ ಗೊತ್ತಾಗುತ್ತದೆ. ಮಾತು ಆಮೇಲೆ ಬರುತ್ತದೆ. ಬಂದ ಮಾತನ್ನು ನಾಲ್ಕು ಸಲ ಹೊಡೆದುಹಾಕಿ ಮತ್ತೆ ಬರೆಯುತ್ತಾರೆ. ರಫ್ ಮಿಕ್ಸನ್ನು, ಅಂದರೆ ಹಾಡಿನ ಕಚ್ಚಾ ರೂಪವನ್ನು, ಫೋನಿಗೆ ಹಾಕಿಕೊಂಡು ಹೋಗಿ ಬಸ್ಸಿನಲ್ಲಿ ಕೇಳುತ್ತಾರೆ, ರಾತ್ರಿ ಮಲಗಿಕೊಂಡು ಕೇಳುತ್ತಾರೆ. ವಾರ ಬಿಟ್ಟು ಬಂದು "ಅಣ್ಣ, ಎರಡನೇ ಲೈನ್ ಸುಳ್ಳು ಅನ್ನಿಸ್ತಿದೆ, ಬದಲಾಯಿಸೋಣ" ಅನ್ನುತ್ತಾರೆ. ಹೀಗೆ ತಿಂಗಳುಗಟ್ಟಲೆ ನಡೆದು, ಒಂದು ದಿನ "ಸರಿ ಅಣ್ಣ, ಬಿಡೋಣ" ಅನ್ನುತ್ತಾರೆ. ಆ ಒಂದು ಮಾತು ಹೇಳುವ ಅಧಿಕಾರ ಹಾಡಿದವನದ್ದು. ಎಷ್ಟು ವರ್ಷ ಪಕ್ಕದಲ್ಲಿ ಕೂತು ಕೆಲಸ ಮಾಡಿದ್ದರೂ ನಾನು ಅವನ ಪರವಾಗಿ ಅದನ್ನು ಹೇಳಲಾರೆ.

ಒಬ್ಬ ಹುಡುಗ ಇದ್ದ. ಹೆಸರು, ಊರು ಬೇಡ. ವಾರವೆಲ್ಲ ಮನೆ ಮನೆಗೆ ಊಟ ತಲುಪಿಸುವ ಕೆಲಸ, ಭಾನುವಾರ ನನ್ನಲ್ಲಿ ರೆಕಾರ್ಡಿಂಗ್. ಏಳು ಹಾಡು ಶುರು ಮಾಡಿದ್ದ, ಎರಡು ಮುಗಿದಿದ್ದವು. ಮೂರನೆಯದಕ್ಕೆ ಮೊದಲ ಚರಣ ಪೂರ್ತಿ ಬರೆದಿದ್ದ. ಎರಡನೆಯ ಚರಣಕ್ಕೆ ಇನ್ನೂ ಮಾತು ಸಿಕ್ಕಿರಲಿಲ್ಲ. ಹದಿನಾರು ಸಾಲಿನ ಜಾಗಕ್ಕೆ ಸುಮ್ನೆ ಗೊಣಗಿ ಇಟ್ಟಿದ್ದ. "ಇದು ಹೀಗೇ ಇರ್ಲಿ ಅಣ್ಣ, ಊರಿಗೆ ಹೋಗಿ ಬಂದ ಮೇಲೆ ಬರೀತೀನಿ" ಅಂದ. ಊರಿಂದ ಬರುವಾಗ ರಸ್ತೆಯಲ್ಲಿ ಹೋಗಿಬಿಟ್ಟ.

ತಿಂಗಳು ತುಂಬುವ ಮೊದಲೇ ಆ ಹಾಡು ನೆಟ್‌ನಲ್ಲಿ ಬಂತು. ಅವನು ಯಾರಿಗೋ ವಾಟ್ಸಾಪ್‌ನಲ್ಲಿ ಕಳಿಸಿದ್ದ ರಫ್ ಮಿಕ್ಸ್ ಅದು. ಕಪ್ಪು ಬಿಳುಪು ಫೋಟೋ, ಪಕ್ಕದಲ್ಲಿ ಉರಿಯುವ ಮೇಣದ ಬತ್ತಿ, ಮಧ್ಯೆ ಬೇರೆ ಯಾರದೋ ಹುಕ್, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ. ಮೇಲೆ "ಕೊನೆಯ ಹಾಡು" ಎಂದು ಬರೆದಿದ್ದರು. ಒಂದು ಸಂಜೆ ಅವನ ತಾಯಿ ಫೋನ್ ಮಾಡಿದರು. "ಮಧ್ಯದಲ್ಲಿ ಅವನು ಏನೋ ಹೇಳ್ತಾನಲ್ಲಪ್ಪ. ಹತ್ತು ಸಲ ಹಾಕ್ಕೊಂಡು ಕೇಳ್ದೆ, ಗೊತ್ತಾಗ್ಲಿಲ್ಲ. ನನಗೇನಾದ್ರೂ ಹೇಳಿದಾನಾ?" ಅಂತ ಕೇಳಿದರು.

ಅಲ್ಲಿ ಮಾತೇ ಇರಲಿಲ್ಲ. ಮಾತಿಗೆ ಬಿಟ್ಟ ಜಾಗ ಅದು. ಅದನ್ನು ಆ ತಾಯಿಗೆ ಬಿಡಿಸಿ ಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು. ಫೋನ್ ಇಟ್ಟ ಮೇಲೂ ಅವರಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಮಗ ಕೊನೆಯದಾಗಿ ಹೇಳಿದ್ದು ಎಂದು ಬರೆದಿರುವಾಗ, ಅದರಲ್ಲಿ ಏನೂ ಇಲ್ಲ ಎಂದರೆ ಯಾವ ತಾಯಿ ನಂಬುತ್ತಾಳೆ ಹೇಳಿ?

ಆ ಹಾಡನ್ನು ತೆಗೆಸಲು ಹೋದೆವು. ಫಾರ್ಮಿನಲ್ಲಿ ಮೊದಲ ಪ್ರಶ್ನೆಯೇ "ನೀವು ಹಕ್ಕುದಾರರೇ? ದಾಖಲೆ ಕೊಡಿ" ಎಂಬುದು. ತಾಯಿಯ ಹತ್ತಿರ ಇದ್ದದ್ದು ಮರಣ ಪತ್ರ ಮತ್ತು ರೇಷನ್ ಕಾರ್ಡ್. ಬೀಟ್ ಮಾಡಿದವನು, ನೆಟ್‌ಗೆ ಹಾಕಿದವನು, ಹಾಡಿದವನು ಯಾರ ನಡುವೆಯೂ ಒಂದು ಹಾಳೆ ಬರವಣಿಗೆ ಇರಲಿಲ್ಲ. ಎರಡು ತಿಂಗಳು ಓಡಾಡಿ ತೆಗೆಸಿದೆವು. ಮರುವಾರ ಇನ್ನೊಂದು ಖಾತೆಯಿಂದ ಅದೇ ಹಾಡು ಮತ್ತೆ ಬಂತು.

ನನ್ನ ಕಣ್ಣೆದುರು ನಡೆದದ್ದು ಇಷ್ಟು. ಇದು ಸಣ್ಣ ಸಂಗತಿ, ಹಣದ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಇದೇ ಕೆಲಸ ದೊಡ್ಡ ಮಟ್ಟದಲ್ಲಿ, ದೊಡ್ಡ ಕಂಪನಿಗಳ ಹೆಸರಲ್ಲಿ ಮೂವತ್ತು ವರ್ಷಗಳಿಂದ ನಡೆಯುತ್ತಿದೆ. ಅದನ್ನು ನೋಡಿಯೇ ನಮ್ಮ ಗಲ್ಲಿಯ ಹುಡುಗರೂ ಕಲಿತಿದ್ದಾರೆ.

ಅಮೆರಿಕದ ರ‍್ಯಾಪರ್ ಟೂಪಾಕ್ ಶಕೂರ್ ಗುಂಡೇಟು ತಿಂದು 1996ರ ಸೆಪ್ಟೆಂಬರ್ 13ರಂದು ತೀರಿಕೊಂಡಾಗ ಅವರಿಗೆ ಇಪ್ಪತ್ತೈದು ವರ್ಷ. ಬದುಕಿದ್ದಾಗ ಅವರ ಹೆಸರಲ್ಲಿ ಬಂದದ್ದು ನಾಲ್ಕು ಆಲ್ಬಂ. ಸತ್ತ ಮೇಲಿನ ಸುಮಾರು ಹತ್ತು ವರ್ಷದಲ್ಲಿ ಬಂದದ್ದು ಆರು. ಬಿಡುಗಡೆಯಾಗದ ರೆಕಾರ್ಡಿಂಗ್‌ಗಳ ರಾಶಿ ಡೆತ್ ರೋ ಎಂಬ ಸಂಗೀತ ಕಂಪನಿಯ ಕೈಯಲ್ಲಿತ್ತು. ತಾಯಿ ಅಫೆನಿ ಶಕೂರ್ ಕೋರ್ಟಿಗೆ ಹೋದರು, ಆಮೇಲೆ ತಾವೇ ಅಮಾರು ಎಂಬ ಸಂಸ್ಥೆ ಕಟ್ಟಿ ಮಗನ ಹಾಡುಗಳನ್ನು ಹೊರತಂದರು. ಮುಂದೆ 2013ರಲ್ಲಿ ಅದೇ ಸಂಸ್ಥೆ ಡೆತ್ ರೋದ ಹೊಸ ಮಾಲೀಕರ ಮೇಲೂ ಬಾಕಿ ಹಣ ಮತ್ತು ರೆಕಾರ್ಡಿಂಗ್‌ಗಳಿಗಾಗಿ ಕೇಸು ಹಾಕಬೇಕಾಯಿತು. ಮಗ ಸತ್ತು ಹದಿನೇಳು ವರ್ಷವಾದರೂ ಅವನ ದನಿ ಯಾರದ್ದು ಎಂಬ ಜಗಳ ಮುಗಿದಿರಲಿಲ್ಲ.

ಮನೆಯವರ ಒಪ್ಪಿಗೆ ಇದ್ದರೆ ಎಲ್ಲ ಸರಿ ಎಂದು ನೀವು ಹೇಳಬಹುದು. ಅಷ್ಟಕ್ಕೇ ಸರಿಯಾಗುವುದಿಲ್ಲ ಎಂದು ನನಗೆ ಅನ್ನಿಸಿದ್ದು ಟೂಪಾಕ್ ಅವರ 2004ರ ಆಲ್ಬಂ ಕೇಳಿದಾಗ. ಅಫೆನಿ ಅವರ ಒಪ್ಪಿಗೆ ಪಡೆದೇ ಇನ್ನೊಬ್ಬ ರ‍್ಯಾಪರ್ ಎಮಿನೆಮ್ ಅದನ್ನು ಮಾಡಿದರು. ಟೂಪಾಕ್ ಮೇಲಿನ ಅಭಿಮಾನದಿಂದಲೇ ಮಾಡಿದರು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹೊಸ ಬೀಟಿಗೆ ಹೊಂದಿಸಲು ದನಿಯ ವೇಗ ಬದಲಾಯಿಸಿದರು, ಶ್ರುತಿ ಬದಲಾಯಿಸಿದರು. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅಲ್ಲಲ್ಲಿ ಸಿಕ್ಕ ಮಾತಿನ ತುಣುಕುಗಳನ್ನು ಕತ್ತರಿಸಿ ಜೋಡಿಸಿ, ಟೂಪಾಕ್ ಸತ್ತ ಎಷ್ಟೋ ವರ್ಷದ ಮೇಲೆ ಹೆಸರು ಮಾಡಿದ ರ‍್ಯಾಪರ್‌ಗಳ ಹೆಸರನ್ನು ಟೂಪಾಕ್ ಬಾಯಿಂದಲೇ ಹೇಳಿಸಿದರು. ಮಿಕ್ಸಿಂಗ್ ಮಾಡುವವನಾಗಿ ಹೇಳುತ್ತೇನೆ, ಆ ಕತ್ತರಿ ಕೆಲಸ ಮಾಡುವುದು ಕಷ್ಟವೇನಲ್ಲ. ಕಷ್ಟವಲ್ಲ ಎಂಬುದೇ ನನ್ನ ಭಯ.

ಇನ್ನೊಂದು ಇದಕ್ಕಿಂತ ನೋವಿನದು. ಲಿಲ್ ಪೀಪ್ ಎಂಬ ಹುಡುಗ 2017ರ ನವೆಂಬರ್‌ನಲ್ಲಿ ಇಪ್ಪತ್ತೊಂದನೇ ವಯಸ್ಸಿಗೆ ಹೋದ. ಅವನು ಗೆಳೆಯ ಐಲವ್‌ಮಕೊನೆನ್ ಜೊತೆ ಮಾಡಿದ್ದ ಒಂದು ಹಾಡು ಹಾಗೇ ಉಳಿದಿತ್ತು. ಎಕ್ಸ್‌ಎಕ್ಸ್‌ಎಕ್ಸ್‌ಟೆಂಟೇಶಿಯನ್ ಎಂಬ ಇನ್ನೊಬ್ಬ ರ‍್ಯಾಪರ್ ಪೀಪ್ ಸತ್ತ ಮೇಲೆ ಅದಕ್ಕೆ ತನ್ನ ಭಾಗ ಹಾಡಿದ. ಅವನೂ 2018ರ ಜೂನ್‌ನಲ್ಲಿ ಕೊಲೆಯಾದ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಇಬ್ಬರು ಸತ್ತವರು ಜೊತೆಯಾಗಿ ಹಾಡಿದಂತೆ ಆ ಹಾಡು ಹೊರಬಂತು. ಪೀಪ್ ಜೊತೆ ಸದಾ ಇದ್ದ ಗೆಳೆಯರು ಆಗಲೇ ಬಾಯಿಬಿಟ್ಟು ಹೇಳಿದರು. ಹೆಣ್ಣುಮಗಳೊಬ್ಬಳಿಗೆ ಹಿಂಸೆ ಕೊಟ್ಟ ಆರೋಪ ಹೊತ್ತಿದ್ದ ಆ ರ‍್ಯಾಪರ್ ಜೊತೆ ಹಾಡುವುದನ್ನು ಪೀಪ್ ಬದುಕಿದ್ದಾಗ ಬೇಡ ಎಂದಿದ್ದ, ಇದು ಅವನ ಇಷ್ಟಕ್ಕೆ ವಿರುದ್ಧ ಎಂದರು. ಎರಡೂ ಮನೆಯವರು ಒಪ್ಪಿದ್ದರು. ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ನಾನು ಯಾಕೆ ದೂರಲಿ? ನನ್ನ ಪ್ರಶ್ನೆ ಕಂಪನಿಗೆ. ಒಬ್ಬನ ಜೊತೆ ಕೂರಲು ಒಪ್ಪದವನನ್ನು ಸತ್ತ ಮೇಲೆ ಎಳೆದು ತಂದು ಅವನ ಪಕ್ಕದಲ್ಲೇ ಕೂರಿಸಬಹುದೇ?

ಒಳ್ಳೆಯದಾಗಿ ನಡೆದದ್ದೂ ಇದೆ. ಅದನ್ನು ಹೇಳದಿದ್ದರೆ ಅನ್ಯಾಯ.

ಅಮೆರಿಕದ ರ‍್ಯಾಪರ್ ಮ್ಯಾಕ್ ಮಿಲ್ಲರ್ 2018ರ ಸೆಪ್ಟೆಂಬರ್ 7ರಂದು ಇಪ್ಪತ್ತಾರನೇ ವಯಸ್ಸಿಗೆ ತೀರಿಕೊಂಡರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಅವರ 'ಸ್ವಿಮಿಂಗ್' ಆಲ್ಬಂ ಬಂದಿತ್ತು. ಅದರ ಜೋಡಿಯಾಗಿ 'ಸರ್ಕಲ್ಸ್' ಎಂಬ ಆಲ್ಬಂ ಅರ್ಧ ದಾರಿಯಲ್ಲಿತ್ತು. ಮೊದಲಿಂದ ಜೊತೆಗಿದ್ದ ಜಾನ್ ಬ್ರಯನ್ ಎಂಬ ಸಂಗೀತಗಾರರೇ ಅದನ್ನು ಮುಗಿಸಿದರು. 2020ರ ಜನವರಿಯಲ್ಲಿ ಬಿಡುಗಡೆಗೆ ಮುಂಚೆ ಮನೆಯವರು ಒಂದು ಟಿಪ್ಪಣಿ ಬರೆದರು. ಮಗ ಎಲ್ಲಿವರೆಗೆ ಬಂದಿದ್ದ, ಆಮೇಲೆ ಯಾರು ಮುಗಿಸಿದರು, ಅವನ ಜೊತೆ ಆಡಿದ ಮಾತುಗಳನ್ನು ನೆನಪಿಟ್ಟುಕೊಂಡು ಹೇಗೆ ಮುಗಿಸಿದರು ಎಂಬುದನ್ನೆಲ್ಲ ನೇರವಾಗಿ ಹೇಳಿದರು. ಇದು ನಮಗೆ ಸುಲಭದ ತೀರ್ಮಾನ ಆಗಿರಲಿಲ್ಲ, ಸರಿ ದಾರಿ ಯಾವುದೆಂದು ತೋಚಲಿಲ್ಲ ಎಂದೂ ಬರೆದರು. ಆ ಆಲ್ಬಂ ಕೇಳುವಾಗ ನನಗೆ ಯಾರೋ ಮೋಸ ಮಾಡುತ್ತಿದ್ದಾರೆ ಅನ್ನಿಸುವುದಿಲ್ಲ.

ಗ್ಯಾಂಗ್ ಸ್ಟಾರ್ ಎಂಬ ರ‍್ಯಾಪ್ ಜೋಡಿಯ ಕಥೆಯೂ ಹಾಗೇ. ಗುರು ಎಂಬ ಹೆಸರಿನ ರ‍್ಯಾಪರ್ 2010ರ ಏಪ್ರಿಲ್‌ನಲ್ಲಿ ಹೋದರು. ಅವರು ಹಾಡಿಟ್ಟಿದ್ದ ದನಿ ಅವರ ಕೊನೆಗಾಲದ ಜೊತೆಗಾರನ ಕೈಯಲ್ಲಿತ್ತು. ಹಳೆಯ ಜೊತೆಗಾರ ಡಿಜೆ ಪ್ರೀಮಿಯರ್ ಅದನ್ನು ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಆಲ್ಬಂ ಹೊರಬಂದದ್ದು 2019ರ ನವೆಂಬರ್ 1ರಂದು, ಒಂಬತ್ತು ವರ್ಷ ಕಳೆದ ಮೇಲೆ. ಕೆಲಸ ಮಾಡುವಾಗ ಗುರು ಅವರ ಚಿತಾಭಸ್ಮದ ಪಾತ್ರೆಯನ್ನು ಸ್ಟುಡಿಯೋದಲ್ಲೇ ಇಟ್ಟುಕೊಂಡಿದ್ದೆ ಎಂದು ಪ್ರೀಮಿಯರ್ ಹೇಳಿದ್ದಾರೆ. ಪಕ್ಕದಲ್ಲಿ ಗೆಳೆಯ ಕೂತು ಕೇಳುತ್ತಿದ್ದಾನೆ ಎಂದುಕೊಂಡೇ ಅವರು ಒಂದೊಂದು ಬೀಟನ್ನೂ ಕೂರಿಸಿರಬೇಕು. ಇಂಥವರ ಕೈಗೆ ಸಿಕ್ಕರೆ ಮುಗಿಯದ ಹಾಡಿಗೂ ಒಂದು ಮರ್ಯಾದೆ ಇರುತ್ತದೆ. ಆದರೆ ಎಲ್ಲರಿಗೂ ಪ್ರೀಮಿಯರ್ ಸಿಗುವುದಿಲ್ಲವಲ್ಲ.

ಅರ್ಧಕ್ಕೆ ನಿಂತ ಕೃತಿಯನ್ನು ಇನ್ನೊಬ್ಬರು ಮುಗಿಸುವುದು ನಮಗೇನೂ ಹೊಸದಲ್ಲ. ಬಾಣಭಟ್ಟ 'ಕಾದಂಬರಿ' ಎಂಬ ಸಂಸ್ಕೃತ ಕೃತಿಯನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡ. ಮಗ ಅದನ್ನು ಮುಗಿಸಿದ. ಆದರೆ ತನ್ನ ಭಾಗ ಶುರುವಾಗುವ ಕಡೆ ಅಪ್ಪ ಹೋದರು, ಕಥೆ ನಿಂತುಹೋಯಿತು, ಅದಕ್ಕೇ ನಾನು ಮುಂದುವರಿಸುತ್ತಿದ್ದೇನೆ ಎಂದು ಮೊದಲೇ ಹೇಳಿದ. ಕುಮಾರವ್ಯಾಸ ಭಾರತದ ಹತ್ತು ಪರ್ವ ಮಾತ್ರ ಹಾಡಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಅವನು ಅದನ್ನು ಕುಮಾರವ್ಯಾಸನ ಹೆಸರಲ್ಲಿ ದಾಟಿಸಲಿಲ್ಲ. ಅದು ಕೃಷ್ಣರಾಯ ಭಾರತ ಎಂದು ಬೇರೆಯಾಗಿಯೇ ಉಳಿಯಿತು. ಗದುಗಿನ ಭಾರತ ಓದುವ ಯಾರಿಗೂ ಇವತ್ತಿಗೂ ಗೊಂದಲವಿಲ್ಲ. ಓಲೆಗರಿಯ ಕಾಲದವರಿಗೆ ಸಾಧ್ಯವಾದದ್ದು ನಿಮಗೆ ಯಾಕೆ ಆಗುವುದಿಲ್ಲ?

ನಮ್ಮ ದೇಶದ್ದೇ ಮಾತಿಗೆ ಬರೋಣ. ಪಂಜಾಬಿನ ಗಾಯಕ ಸಿಧು ಮೂಸೆವಾಲಾ ಅವರನ್ನು 2022ರ ಮೇ 29ರಂದು ಗುಂಡಿಟ್ಟು ಕೊಂದರು. ಇಪ್ಪತ್ತೆಂಟು ವರ್ಷ ಅವರಿಗೆ. ಮನೆಯಲ್ಲಿ ಇನ್ನೂ ತಿಥಿಯ ಕೆಲಸ ಮುಗಿದಿರಲಿಲ್ಲ, ಅಷ್ಟರಲ್ಲೇ ಅವರ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಒಂದು ಮನವಿ ಹಾಕಬೇಕಾಯಿತು. ಸಿಧು ಜೊತೆ ಕೆಲಸ ಮಾಡಿದ ಎಲ್ಲ ಸಂಗೀತಗಾರರೂ ಮುಗಿದ, ಮುಗಿಯದ ಯಾವ ಹಾಡನ್ನೂ ಬಿಡುಗಡೆ ಮಾಡಬೇಡಿ, ಯಾರಿಗೂ ಕಳಿಸಬೇಡಿ, ಜೂನ್ 8ರ ಭೋಗ್ ಎಂಬ ತಿಥಿ ಕಾರ್ಯ ಮುಗಿದ ಮೇಲೆ ಎಲ್ಲವನ್ನೂ ತಂದೆಯ ಕೈಗೆ ಒಪ್ಪಿಸಿ ಎಂದು. ಮಗನ ಕಾರ್ಯದ ಹೊತ್ತಿನಲ್ಲಿ ಒಬ್ಬ ತಂದೆ ಹಾಡಿನ ಫೈಲುಗಳ ಚಿಂತೆ ಮಾಡಬೇಕಾಯಿತಲ್ಲ. ಅದನ್ನು ಓದಿದ ದಿನ ನನ್ನ ಹಾರ್ಡ್ ಡಿಸ್ಕ್‌ಗಳ ಕಡೆ ನೋಡಲು ನನಗೇ ಒಂಥರಾ ಆಯಿತು.

ಇಷ್ಟಾದರೂ ಆ ವರ್ಷದ ಆಗಸ್ಟ್‌ನಲ್ಲಿ 'ಜಾಂದಿ ವಾರ್' ಎಂಬ ಹಾಡು ಸೆಪ್ಟೆಂಬರ್ 2ಕ್ಕೆ ಬರುತ್ತದೆ ಎಂದು ಸಂಗೀತ ನಿರ್ದೇಶಕ ಸಲೀಂ ಮರ್ಚೆಂಟ್ ಘೋಷಿಸಿದರು. ಸಿಧು ಇದ್ದಾಗಲೇ ರೆಕಾರ್ಡ್ ಆಗಿದ್ದ ಹಾಡು ಅದು. ಅವರದ್ದು ಕೆಟ್ಟ ಉದ್ದೇಶ ಎಂದು ನಾನು ಹೇಳುತ್ತಿಲ್ಲ, ಅದು ನಮನ ಎಂದೇ ಅವರು ಹೇಳಿದ್ದರು. ಆದರೆ ತಂದೆತಾಯಿ ಮಾನ್ಸಾ ಕೋರ್ಟಿಗೆ ಹೋದರು. ಕೋರ್ಟು ಬಿಡುಗಡೆಗೆ ತಡೆ ಕೊಟ್ಟಿತು. ಆಮೇಲೆ ಮನೆಯವರೇ ತಮ್ಮ ನಿಧಾನದಲ್ಲಿ ಒಂದೊಂದೇ ಹಾಡು ಬಿಟ್ಟರು. 2022ರ ನವೆಂಬರ್‌ನಲ್ಲಿ 'ವಾರ್', 2023ರ ಏಪ್ರಿಲ್‌ನಲ್ಲಿ 'ಮೇರಾ ನಾ', 2025ರಲ್ಲಿ ಅವರ ಹುಟ್ಟುಹಬ್ಬದ ದಿನ ಮೂರು ಹಾಡುಗಳ ಒಂದು ಗುಚ್ಛ. ಈ ಮನೆಯವರಿಗೆ ಹೆಸರಿತ್ತು, ವಕೀಲರಿದ್ದರು, ಹೇಳಿದ ಮಾತು ದೇಶವೆಲ್ಲ ಕೇಳಿಸುತ್ತಿತ್ತು. ರೇಷನ್ ಕಾರ್ಡ್ ಹಿಡಿದು ನಿಂತ ತಾಯಿ ಯಾವ ಕೋರ್ಟಿಗೆ ಹೋಗಬೇಕು?

ಕಾನೂನಿನಲ್ಲಿ ಏನೂ ಇಲ್ಲ ಎಂದಲ್ಲ. 1957ರ ನಮ್ಮ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಇದೆ. ಬರೆದವನ ಕೃತಿಯನ್ನು ತಿರುಚಿ ಅವನ ಮಾನಕ್ಕೆ ಧಕ್ಕೆ ತಂದರೆ ಅದನ್ನು ತಡೆಯುವ ಹಕ್ಕು ಅವನಿಗಿದೆ, ಹಾಡಿನ ಹಕ್ಕನ್ನು ಮಾರಿಬಿಟ್ಟಿದ್ದರೂ ಇದೆ. ಅವನಿಲ್ಲದಾಗ ವಾರಸುದಾರರು ಕೇಳಬಹುದು. 2012ರ ತಿದ್ದುಪಡಿಯಲ್ಲಿ ಹಾಡುವವರಿಗೂ ಇಂಥದೇ ಹಕ್ಕು ಬಂತು. 20ನೇ ಸೆಕ್ಷನ್ ಇನ್ನೊಂದು ಚೆಂದದ ಮಾತು ಹೇಳುತ್ತದೆ. ಅಚ್ಚಾಗದ ಹಸ್ತಪ್ರತಿಯನ್ನು ಒಬ್ಬರು ಉಯಿಲಿನಲ್ಲಿ ಯಾರಿಗಾದರೂ ಬಿಟ್ಟುಹೋದರೆ, ಉಯಿಲಿನಲ್ಲಿ ಬೇರೆ ಥರ ಹೇಳಿಲ್ಲದಿದ್ದರೆ ಅದರ ಕಾಪಿರೈಟೂ ಅವರಿಗೇ ಸೇರುತ್ತದೆ. ಆದರೆ ಇಪ್ಪತ್ತರ ಹುಡುಗ ಉಯಿಲು ಬರೆದಿರುತ್ತಾನಾ? ಅವನ ಹಸ್ತಪ್ರತಿ ಇರುವುದು ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ. ಫ್ರಾನ್ಸಿನಲ್ಲಿ ಕೃತಿಯನ್ನು ಯಾವಾಗ ಜನರ ಮುಂದಿಡಬೇಕು ಎಂಬುದೇ ಕರ್ತೃವಿನ ಒಂದು ಬೇರೆ ಹಕ್ಕು, ಅವನು ಸತ್ತ ಮೇಲೂ ಅದು ಉಳಿಯುತ್ತದೆ. ನಮ್ಮಲ್ಲಿ ಅದನ್ನು ಅಷ್ಟು ಬಿಡಿಸಿ ಹೇಳಿಲ್ಲ. ಮಾನಕ್ಕೆ ಧಕ್ಕೆಯಾಯಿತು ಎಂದು ಮನೆಯವರೇ ತೋರಿಸಿಕೊಡಬೇಕು, ಅಷ್ಟು ಹೊತ್ತಿಗೆ ಹಾಡು ಊರೆಲ್ಲ ಸುತ್ತಿರುತ್ತದೆ.

ಕಾಗದದ ಪುಸ್ತಕಕ್ಕೂ ಈ ಜಗಳ ತಪ್ಪಿಲ್ಲ ನೋಡಿ. ರ‍್ಯಾಪರ್ ಎಂಎಫ್ ಡೂಮ್ 2020ರಲ್ಲಿ ತೀರಿಕೊಂಡರು. ಅವರು ಹಾಡಿನ ಸಾಲುಗಳನ್ನು ಬರೆದಿಟ್ಟಿದ್ದ 31 ನೋಟ್‌ಬುಕ್‌ಗಳನ್ನು ವಾಪಸ್ ಕೊಡಿಸಿ ಎಂದು ಹೆಂಡತಿ 2023ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಕೈಯಿಂದ ಬರೆದ ಪುಸ್ತಕಕ್ಕೇ ಹೀಗಾದರೆ, ಒಂದು ಕ್ಲಿಕ್ಕಿನಲ್ಲಿ ನಕಲಾಗುವ ಫೈಲಿನ ಗತಿ ಏನು?

ಈಗ ನನ್ನಂಥ ಕೇಳುಗರ ಮಾತು. ನಾನೂ ಸೋರಿಕೆಯಾದ ಹಾಡುಗಳನ್ನು ಹುಡುಕಿ ಕೇಳಿದ್ದೇನೆ, ಗೆಳೆಯರಿಗೆ ಕಳಿಸಿದ್ದೇನೆ. ಜ್ಯೂಸ್ ವರ್ಲ್ಡ್ ಎಂಬ ರ‍್ಯಾಪರ್ 2019ರ ಡಿಸೆಂಬರ್‌ನಲ್ಲಿ ಇಪ್ಪತ್ತೊಂದಕ್ಕೇ ಹೋದ ಮೇಲೆ ಅವನ ಎಷ್ಟೋ ಹಾಡು ಹೀಗೆ ಹೊರಬಿದ್ದವು, ನಾನು ಒಂದನ್ನೂ ಬಿಡಲಿಲ್ಲ. ಅಭಿಮಾನ ಅಂದುಕೊಂಡಿದ್ದೆ. ಆ ತಾಯಿಯ ಫೋನ್ ಬಂದ ಮೇಲೆ ಅದು ತಪ್ಪು ಎಂದು ಗೊತ್ತಾಯಿತು. ಮ್ಯಾಕ್ ಮಿಲ್ಲರ್ ಅವರ 'ಬಲೂನರಿಸಂ' ಎಂಬ ಆಲ್ಬಂ ವರ್ಷಗಟ್ಟಲೆ ಹೀಗೆ ಕಳ್ಳದಾರಿಯಲ್ಲಿ ಓಡಾಡಿತು. ಅದಕ್ಕೇ ಮನೆಯವರು 2025ರಲ್ಲಿ ಅದನ್ನು ತಾವೇ ಸರಿಯಾಗಿ ಹೊರತಂದರು. ನಾವು ಕದ್ದು ಕೇಳಿದ್ದರಿಂದ ಅವರ ತೀರ್ಮಾನವನ್ನು ಅವರಿಗಿಂತ ಮೊದಲು ನಾವೇ ಮಾಡಿದಂತಾಯಿತು, ಅಲ್ವಾ? ಇದೇ ಕೇಳುಗರು ಒಳ್ಳೆಯದನ್ನೂ ಮಾಡಬಲ್ಲರು. ಪಾಪ್ ಸ್ಮೋಕ್ ಎಂಬ ರ‍್ಯಾಪರ್ ಕೊಲೆಯಾದ ಮೇಲೆ 2020ರ ಜುಲೈನಲ್ಲಿ ಬಂದ ಆಲ್ಬಮ್ಮಿಗೆ ಮೊದಲು ತೋರಿಸಿದ ಮುಖಪುಟ ಅವನಿಗೆ ತಕ್ಕದ್ದಲ್ಲ ಎಂದು ಜನ ಗಲಾಟೆ ಮಾಡಿದರು. ಕಂಪನಿ ಅದನ್ನು ಬದಲಾಯಿಸಿತು. ಜನ ಕೇಳಿದರೆ ನೀವು ಬದಲಾಯಿಸುತ್ತೀರಿ ಎಂಬ ಧೈರ್ಯದಿಂದಲೇ ನಾನೂ ಕೇಳುತ್ತಿದ್ದೇನೆ.

ಇನ್ನು ಹಳೆಯ ರೆಕಾರ್ಡಿಂಗೂ ಬೇಕಾಗಿಲ್ಲ. 2024ರ ಏಪ್ರಿಲ್‌ನಲ್ಲಿ ರ‍್ಯಾಪರ್ ಡ್ರೇಕ್ ಒಂದು ಹಾಡಿನಲ್ಲಿ ಎಐ ಮಾಡಿದ ಟೂಪಾಕ್ ದನಿ ಬಳಸಿದರು. ಟೂಪಾಕ್ ಕಡೆಯ ವಕೀಲರು ನೋಟಿಸ್ ಕೊಟ್ಟ ಮೇಲೆ ತೆಗೆದರು. ಆಂಡರ್ಸನ್ ಪಾಕ್ ಎಂಬ ಕಲಾವಿದ 2021ರಲ್ಲಿ ಕೈ ಮೇಲೆ ಹಚ್ಚೆಯನ್ನೇ ಹಾಕಿಸಿಕೊಂಡರು. ನಾನು ಹೋದ ಮೇಲೆ ನನ್ನ ಹೆಸರಲ್ಲಿ ಯಾವ ಆಲ್ಬಮ್ಮನ್ನೂ, ಹಾಡನ್ನೂ ಬಿಡಬೇಡಿ, ಅವು ಬರೀ ಡೆಮೋಗಳು, ಜನ ಕೇಳಲಿ ಎಂದು ಮಾಡಿದ್ದಲ್ಲ ಎಂಬುದು ಅದರ ಅರ್ಥ. ಕರಾರು ಪತ್ರಕ್ಕಿಂತ ತನ್ನ ಚರ್ಮವೇ ಹೆಚ್ಚು ನಂಬಿಕೆಗೆ ಅರ್ಹ ಎಂದು ಒಬ್ಬ ಕಲಾವಿದನಿಗೆ ಅನ್ನಿಸಿದೆ. ಕರಾರು ಬರೆಯುವವರು ನೀವು. ಇದನ್ನು ಓದಿ ನಿಮಗೆ ಏನನ್ನಿಸುತ್ತದೆ?

ನಾನು ಕೇಳುವುದು ಇಷ್ಟು. ಕಂಪನಿಯವರೇ, ಹೊಸ ಹುಡುಗರ ಕರಾರಿನಲ್ಲಿ ಒಂದು ಸಾಲು ಸೇರಿಸಿ. ನಾನಿಲ್ಲದಾಗ ನನ್ನ ಮುಗಿಯದ ಹಾಡು ಏನಾಗಬೇಕು ಎಂದು ಅವರೇ ಬರೆಯಲಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಲಿ. ಬರೆಯದೆ ಹೋದವರದ್ದನ್ನು ಮನೆಯವರ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ. ಒಪ್ಪಿಗೆ ಸಿಕ್ಕಾಗಲೂ ಹಾಡಿನ ಜೊತೆಗೇ ಸ್ಪಷ್ಟವಾಗಿ ಹೇಳಿ. ಈ ಚರಣ ಅವನದ್ದು, ಇದು ರಫ್ ಟೇಕ್, ಈ ಬೀಟ್ ಅವನು ಹೋದ ಮೇಲೆ ಹಾಕಿದ್ದು, ಈ ಅತಿಥಿ ದನಿಯನ್ನು ಅವನು ಕೇಳಿರಲಿಲ್ಲ ಎಂದು. ಅವನ ಬಾಯಿಂದ ಅವನು ಆಡದ ಮಾತು ಆಡಿಸಬೇಡಿ, ಕತ್ತರಿಯಿಂದಲೂ ಬೇಡ, ಎಐಯಿಂದಲೂ ಬೇಡ.

ಆ್ಯಪ್ ನಡೆಸುವವರೇ, ತೀರಿಕೊಂಡ ಕಲಾವಿದರ ಪುಟಕ್ಕೆ ಹೊಸ ಹಾಡು ಬಂದರೆ ಅದನ್ನು ಮೊದಲು ತಡೆದಿಟ್ಟು ವಾರಸುದಾರರನ್ನು ಕೇಳಿ, ಆಮೇಲೆ ತೆರೆಯಿರಿ. ಈಗ ನಡೆಯುತ್ತಿರುವುದು ಇದರ ತಿರುಗುಮುರುಗು. ದೂರು ಕೊಡುವ ಫಾರ್ಮು ಕನ್ನಡದಲ್ಲೂ ಇರಲಿ, ಮರಣ ಪತ್ರ ಮತ್ತು ಸಂಬಂಧದ ದಾಖಲೆ ಇದ್ದರೆ ಅಷ್ಟಕ್ಕೇ ಹಾಡನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಒಮ್ಮೆ ತೆಗೆದದ್ದು ಇನ್ನೊಂದು ಹೆಸರಲ್ಲಿ ಬರದಂತೆ ನೋಡಿಕೊಳ್ಳುವುದು ನಿಮಗೆ ಕಷ್ಟವಲ್ಲ. ಸಿನಿಮಾ ಹಾಡನ್ನು ಯಾರಾದರೂ ಹಾಕಿದರೆ ನಿಮಿಷದಲ್ಲಿ ಹಿಡಿಯುತ್ತೀರಲ್ಲ.

ಬೀಟ್ ಮಾಡುವ, ರೆಕಾರ್ಡ್ ಮಾಡುವ ನನ್ನ ಗೆಳೆಯರಿಗೂ ಒಂದು ಮಾತು. ನಮ್ಮ ಹಾರ್ಡ್ ಡಿಸ್ಕಿನಲ್ಲಿದೆ ಅಂದ ಮಾತ್ರಕ್ಕೆ ಅದು ನಮ್ಮದಲ್ಲ. ಬೀಟ್ ನಿಮ್ಮದು, ಇಟ್ಟುಕೊಳ್ಳಿ. ದನಿಯನ್ನು ಮನೆಯವರಿಗೆ ಒಪ್ಪಿಸಿ. ನಾನು ಈಗ ಸ್ಟುಡಿಯೋದಲ್ಲಿ ಒಂದು ರಟ್ಟಿನ ನೋಟ್‌ಬುಕ್ ಇಟ್ಟಿದ್ದೇನೆ. ಬಂದವರೆಲ್ಲ ಅದರಲ್ಲಿ ಬರೆದು ಸಹಿ ಹಾಕುತ್ತಾರೆ. ಮೊದಮೊದಲು ಅಪಶಕುನ ಎಂದು ಮುಖ ಸಿಂಡರಿಸಿದರು. ಈಗ ತಾವಾಗಿಯೇ ಕೇಳಿ ಬರೆಯುತ್ತಾರೆ. ಒಬ್ಬ "ಎಲ್ಲ ಡಿಲೀಟ್ ಮಾಡಿ" ಎಂದು ಬರೆದಿದ್ದಾನೆ. ಒಬ್ಬಳು "ಹುಕ್ ಬೇಕಾದ್ರೆ ಬಳಸಿ, ಚರಣ ಬೇಡ" ಎಂದಿದ್ದಾಳೆ. ಮೂರು ಜನ "ಅಮ್ಮನಿಗೆ ಕೊಡಿ" ಎಂದಷ್ಟೇ ಬರೆದಿದ್ದಾರೆ.

ಆ ಹುಡುಗನ ಮುಗಿಯದ ಐದು ಹಾಡುಗಳು ಈಗ ಒಂದು ಪೆನ್ ಡ್ರೈವಿನಲ್ಲಿ ಅವನ ತಾಯಿಯ ಬೀರುವಿನಲ್ಲಿವೆ. ಏನು ಮಾಡಬೇಕು ಎಂದು ಅವರು ಇನ್ನೂ ಯೋಚಿಸಿಲ್ಲ, ನಾನೂ ಕೇಳಿಲ್ಲ. ಅವರು ನನ್ನನ್ನು ಕೇಳಿದ್ದು ಒಂದೇ. "ಅಲ್ಲಿ ಅವನು ಏನೂ ಹೇಳಿಲ್ಲ, ಇನ್ನೂ ಬರೀಬೇಕಾಗಿತ್ತು ಅಂತ ಆ ಹಾಡಿನ ಕೆಳಗೆ ಯಾರಾದ್ರೂ ಬರೀಬಹುದಲ್ವಾ?" ಈ ಪತ್ರ ಬರೆಯುವ ಹೊತ್ತಿಗೂ ಆ ಹಾಡು ಒಂದು ಖಾತೆಯಲ್ಲಿ ಹಾಗೇ ಇದೆ. ಅದರ ಮೇಲೆ ಈಗಲೂ "ಕೊನೆಯ ಹಾಡು" ಅಂತಲೇ ಇದೆ. ಆ ತಾಯಿಗೆ ಏನು ಹೇಳಲಿ ಎಂದು ದಯವಿಟ್ಟು ತಿಳಿಸಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ವಿಶ್ವಾಸಿ,
ಒಬ್ಬ ಮಿಕ್ಸಿಂಗ್ ಎಂಜಿನಿಯರ್, ಬೆಂಗಳೂರು